ಮೂಗಿಲ್ಲದ ಹಡಗು

ಗುಬ್ಬಿಯ ನಮ್ಮ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಬರುವುದು ಎರಡು ದಿನ ತಡವಾದರೆ ಜನ ಏಜೆನ್ಸಿಯವರನ್ನು ಬೈಯುವುದಿಲ್ಲ. ನೇರವಾಗಿ ನನ್ನ ಮೆಸ್ಸಿನ ಬಾಗಿಲಿಗೆ ಬರುತ್ತಾರೆ. ನಿಮ್ಮ ತಮ್ಮನ ಹಡಗು ಎಲ್ಲಿ ಕೆಟ್ಟು ನಿಂತಿದೆ ಎಂದು ಕೇಳುತ್ತಾರೆ. ಕಡಬದ ಕೆರೆ ಏರಿಯ ಮೇಲೆ ಪಂಚರ್ ಆಗಿದೆ, ನಾಲ್ಕು ಜನ ಹೋಗಿ ತಳ್ಳಿ ಎಂದು ನಾನೂ ಹೇಳಿ ಕಳಿಸುತ್ತೇನೆ. ನನ್ನ ಬಾಯಿ ಸರಿಯಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಕೈ ಸರಿಯಿದೆ ಎನ್ನುವುದೂ ಗೊತ್ತಿರುವುದರಿಂದ ಬೈಸಿಕೊಂಡವರೇ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಬಂದು ಕೂರುತ್ತಾರೆ.

ತಮ್ಮ ಅಡುಗೆ ಗ್ಯಾಸ್ ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ನಮ್ಮ ತಂದೆಯ ಊರು ಕಡಬ. ಅಲ್ಲಿನ ಕೆರೆಯಲ್ಲಿ ಬೆನ್ನಿಗೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತವನು ಅವನು. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ, ಪೇಪರಿನ ಜಾಹೀರಾತು ನೋಡಿ ಯಾವುದೋ ಪರೀಕ್ಷೆ ಬರೆದು ಹಡಗು ಹತ್ತಿಬಿಟ್ಟ. ಈಜು ಬರುತ್ತದೆ ಬಿಡು, ಭಯವಿಲ್ಲ ಎಂದು ನಾನು ಧೈರ್ಯ ಹೇಳಿದ್ದೆ. ನಡುಸಮುದ್ರದಲ್ಲಿ ಬಿದ್ದರೆ ಈಜಿಕೊಂಡು ಎಲ್ಲಿಗೆ ಹೋಗಲಿ, ಕಡಬಕ್ಕಾ ಎಂದು ನಕ್ಕಿದ್ದ. ಆರು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಮನೆ ಎಂದರೆ ನನ್ನ ಮನೆಯೇ. ಅವನಿಗೆ ಮದುವೆಯಾಗಿಲ್ಲ, ನನ್ನ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಮುಂದಿನ ಎರಡು ಕೋಣೆ ಮೆಸ್ಸು, ಹಿಂದಿನದು ಅಡುಗೆಮನೆ, ಅದರ ಹಿಂದೆ ಹಿತ್ತಲು.

ರಜೆಯಲ್ಲಿ ಬಂದಾಗ ಅವನು ಹಡಗಿನ ವಿಷಯ ಹೇಳಲು ಕೂತರೆ ನಮ್ಮ ಜಗಲಿ ತುಂಬುತ್ತದೆ. ಅರಬ್ ದೇಶದ ಬಂದರಿನಲ್ಲಿ ತುಂಬಿಕೊಂಡು ಮಂಗಳೂರಿಗೆ ತಂದು ಇಳಿಸುವುದು ಅವರ ಕೆಲಸ. ಗ್ಯಾಸನ್ನು ಗ್ಯಾಸಾಗಿಯೇ ತುಂಬಿದರೆ ಎಷ್ಟು ಹಡಗಿದ್ದರೂ ಸಾಲದಂತೆ. ಅದಕ್ಕೆ ಅದನ್ನು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಥಂಡಿಗೆ ಇಳಿಸಿ ನೀರಾಗಿಸಿಕೊಳ್ಳುತ್ತಾರೆ. ಅದರಲ್ಲಿ ಒಂದು ಬಿಂದಿಗೆಯನ್ನು ಹೊರಗೆ ಸುರಿದರೆ ನಮ್ಮ ಬಚ್ಚಲುಮನೆ ತುಂಬುವಷ್ಟು ಗ್ಯಾಸಾಗುತ್ತದೆ. ದಾರಿಯುದ್ದಕ್ಕೂ ಅದು ಕುದಿಯಲು ನೋಡುತ್ತಲೇ ಇರುತ್ತದೆ, ಇವರು ತಣ್ಣಗೆ ಮಾಡುತ್ತಲೇ ಇರುತ್ತಾರೆ. ಒಲೆಯ ಮೇಲಿಟ್ಟ ಹಾಲನ್ನು ಐದಾರು ದಿನ ಉಕ್ಕದಂತೆ ಕಾಯುವ ಕೆಲಸ ಎಂದು ನಾನು ಅರ್ಥ ಮಾಡಿಕೊಂಡೆ. ಅಷ್ಟು ಗ್ಯಾಸ್ ಹೊತ್ತ ಹಡಗಿನಲ್ಲಿ ಗ್ಯಾಸ್ ಒಲೆ ಇಲ್ಲ, ಅಡುಗೆಯೆಲ್ಲ ಕರೆಂಟಿನಲ್ಲೇ ಎಂದಾಗ ಮಾತ್ರ ನಮ್ಮ ಬೀದಿಯವರು ಇವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರು.

ನಾನು ನಂಬದೆ ಹೋದದ್ದು ಬೇರೆ ಮಾತನ್ನು. ಹಡಗಿನಲ್ಲಿರುವ ಗ್ಯಾಸಿಗೆ ವಾಸನೆಯೇ ಇಲ್ಲ ಎಂದ. ಗ್ಯಾಸಿಗೆ ವಾಸನೆ ಇಲ್ಲ ಎನ್ನುವವನನ್ನು ಯಾವ ಹೆಂಗಸು ನಂಬುತ್ತಾಳೆ? ಕೊಳೆತ ಕೋಸಿನ ಹಾಗೆ ಮೂಗಿಗೆ ಹೊಡೆಯುತ್ತದಲ್ಲ, ನೀನು ಅದನ್ನೇ ಸಾಗಿಸುತ್ತೀಯೋ ಬೇರೆ ಏನನ್ನಾದರೂ ಸಾಗಿಸುತ್ತೀಯೋ ಎಂದು ದಬಾಯಿಸಿದೆ. ಆ ಕೆಟ್ಟ ವಾಸನೆ ಗ್ಯಾಸಿನದಲ್ಲ, ದಡಕ್ಕೆ ಇಳಿಸಿದ ಮೇಲೆ ಬೆರೆಸುವ ಮದ್ದಿನದು ಎಂದು ವಿವರಿಸಿದ. ಸೋರಿದರೆ ಮನೆಯವರಿಗೆ ತಿಳಿಯಲಿ ಎಂದು ಬೆರೆಸುತ್ತಾರೆ. ಹಾಗಾದರೆ ಹಡಗಿನಲ್ಲಿ ಸೋರಿದರೆ ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದಕ್ಕೆ, ಎಲ್ಲರ ಎದೆಯ ಮೇಲೂ ಒಂದು ಪುಟ್ಟ ಮೀಟರ್ ಇರುತ್ತದೆ, ಅದು ಅರಚುತ್ತದೆ ಎಂದ. ಆ ಮಾತು ನನಗೆ ಆಗ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ನನ್ನ ಮೂಗು ಆಗ ಚೆನ್ನಾಗಿತ್ತು.

ಚೆನ್ನಾಗಿತ್ತು ಎಂದರೆ ಸಾಲದು. ನನ್ನ ಬದುಕು ನಿಂತಿದ್ದೇ ಮೂಗಿನ ಮೇಲೆ. ನಮ್ಮ ಮನೆಯಲ್ಲಿ ಲಿಂಗಕ್ಕೆ ತೋರಿಸದೆ ಯಾವುದನ್ನೂ ನಾಲಿಗೆಗೆ ಇಡುವ ಹಾಗಿಲ್ಲ. ಅಡುಗೆ ಮಾಡುವವರೂ ರುಚಿ ನೋಡುವ ಹಾಗಿಲ್ಲ. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲವನ್ನೂ ವಾಸನೆಯಲ್ಲೇ ಅಳೆಯಬೇಕು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ಕೇಳುವವರಿದ್ದಾರೆ. ಉಪ್ಪಿಗೆ ಇಲ್ಲ, ಆದರೆ ಕುದಿಯುವ ಸಾರಿಗೆ ಉಪ್ಪು ಬಿದ್ದ ತಕ್ಷಣ ಸಾರಿನ ಘಮ ತಿರುಗುತ್ತದೆ. ಸರಿಯಾಗಿ ಬಿದ್ದಾಗ ಅದು ಎದ್ದು ನಿಲ್ಲುತ್ತದೆ. ಅಮ್ಮ ನನಗೆ ಕಲಿಸಿದ್ದು ಇದನ್ನು, ಹತ್ತನೆಯ ವಯಸ್ಸಿನಲ್ಲಿ, ತಲೆಗೆ ಮೊಟಕಿ ಮೊಟಕಿ. ಮೆಸ್ಸು ಶುರು ಮಾಡಿದ ಮೇಲೂ ಅದೇ ಪದ್ಧತಿ. ಉಪ್ಪಿನ ಡಬ್ಬಿಯನ್ನು ನನ್ನ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ. ತಾಲ್ಲೂಕು ಆಫೀಸಿನವರು, ಬ್ಯಾಂಕಿನವರು, ಮೇಷ್ಟ್ರುಗಳು ಊಟಕ್ಕೆ ಬರುವುದು ರುಚಿಗೆ. ಆದರೆ ಕುಣಿಗಲ್ಲಿನ ಒಂದು ಮನೆತನದವರು ನನ್ನನ್ನು ಹುಡುಕಿಕೊಂಡು ಬಂದದ್ದು ಈ ಪದ್ಧತಿಗಾಗಿಯೇ. ಮಠಕ್ಕೆ ನಡೆದುಕೊಳ್ಳುವ ಮನೆ ಅದು. ಅಲ್ಲಿಯ ಪೂಜೆ, ದಾಸೋಹ ಯಾವುದಿದ್ದರೂ ಅಡುಗೆ ನನ್ನದೇ. ಬಾಯಿಗಿಡದೆ ಬೇಯಿಸುವ ಕೈ ಎಂದು ಆ ಮನೆಯ ಯಜಮಾನಿ ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಸ್ವಲ್ಪ ಕೊಬ್ಬು ಬಂದಿತ್ತು ಎನ್ನುವುದನ್ನು ಮುಚ್ಚಿಡುವುದೇಕೆ.

ಆಮೇಲೆ ಒಂದು ಜ್ವರ ಬಂತು. ಊರಿಗೆಲ್ಲ ಬಂದ ಹಾಗೆ ನನಗೂ ಬಂತು, ಊರಿಗೆಲ್ಲ ಬಿಟ್ಟ ಹಾಗೆ ನನಗೂ ಬಿಟ್ಟಿತು. ಮೂಗನ್ನು ಮಾತ್ರ ತೆಗೆದುಕೊಂಡು ಹೋಯಿತು. ಎದ್ದು ಬಂದು ಮೊದಲ ದಿನ ಒಗ್ಗರಣೆಗೆ ಇಂಗು ಹಾಕಿದೆ, ಏನೂ ಬರಲಿಲ್ಲ. ಇಂಗು ಹಳೆಯದಾಗಿದೆ ಎಂದುಕೊಂಡು ಇನ್ನಷ್ಟು ಹಾಕಿದೆ. ಆ ದಿನ ಊಟಕ್ಕೆ ಬಂದವರು ಕೆಮ್ಮಿಕೊಂಡೇ ಉಂಡರು. ತುಮಕೂರಿನ ಡಾಕ್ಟರು ಕೆಲವರಿಗೆ ತಿಂಗಳಲ್ಲಿ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಬರುವುದೇ ಇಲ್ಲ ಎಂದರು. ನಾನು ಕೊನೆಯ ಗುಂಪಿಗೆ ಸೇರಿದವಳು ಎನ್ನುವುದು ಎರಡು ವರ್ಷ ಕಾದ ಮೇಲೆ ತಿಳಿಯಿತು.

ಯಾರಿಗೂ ಹೇಳಲಿಲ್ಲ. ಮೂಗಿಲ್ಲದವಳ ಕೈಯಡುಗೆಯನ್ನು ದೇವರ ಮುಂದೆ ಯಾರು ಇಡಿಸುತ್ತಾರೆ? ಕುಣಿಗಲ್ಲಿನವರು ಬಿಟ್ಟರೆ ಉಳಿದವರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮೆಸ್ಸು ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ. ಹಾಗಾಗಿ ಕಣ್ಣಿನಲ್ಲಿ, ಕಿವಿಯಲ್ಲಿ ಅಡುಗೆ ಮಾಡಲು ಕಲಿತೆ. ಸಾಸಿವೆ ಸಿಡಿಯುವ ಸದ್ದು, ಸಾರಿನ ನೊರೆಯ ಬಣ್ಣ, ಮುದ್ದೆ ತಿರುವುವಾಗ ಕೋಲಿಗೆ ಸಿಗುವ ಬಿಗಿ. ಉಪ್ಪಿಗೆ ಮಾತ್ರ ಇದಾವುದೂ ಆಗಿಬರಲಿಲ್ಲ. ಕೊನೆಗೆ ಉಗ್ರಾಣದ ಕತ್ತಲೆಯಲ್ಲಿ ನಿಂತು, ಬೆನ್ನು ಬಾಗಿಲಿಗೆ ಮಾಡಿಕೊಂಡು, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ವಾಸನೆ ಹೋದರೂ ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು. ಅವತ್ತು ಲಿಂಗದ ಮುಂದೆ ಎಡೆ ಇಟ್ಟು ಮೂರು ಸಲ ತಪ್ಪಾಯಿತು ಎಂದೆ. ವಾರ ಕಳೆಯುವುದರಲ್ಲಿ ಹಾಗೆ ಹೇಳುವುದನ್ನೂ ಬಿಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಇನ್ನೊಂದು ಕಷ್ಟವಿತ್ತು, ಅದು ಸಿಲಿಂಡರಿನದು. ನಮ್ಮ ಮನೆಗೆ ಮೊದಲ ಸಿಲಿಂಡರ್ ಬಂದಾಗ ಅಮ್ಮ ಅದರ ಹತ್ತಿರ ಹೋಗಲು ಹೆದರಿ, ಸ್ನಾನ ಮಾಡಿ ಬಂದು ಅದಕ್ಕೆ ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮವಿಟ್ಟು, ಹೂವು ಮುಡಿಸಿ, ಊದುಬತ್ತಿ ಹಚ್ಚಿ, ಆಮೇಲೆ ಒಲೆಗೆ ಜೋಡಿಸಲು ಒಪ್ಪಿದ್ದಳು. ಹೊಟ್ಟೆಗೆ ಹಚ್ಚಿದರೆ ಸಾಲದು, ಬಾಯಿಗೂ ಒಂದು ಬೊಟ್ಟು ಇಡು, ಬೆಂಕಿ ಬರುವುದು ಬಾಯಿಯಿಂದಲೇ ಎನ್ನುತ್ತಿದ್ದಳು. ಆ ಪದ್ಧತಿಯನ್ನು ನಾನು ಒಂದು ಸಿಲಿಂಡರಿಗೂ ತಪ್ಪಿಸಿಲ್ಲ. ಬಾಯಿಗೆ ಇಟ್ಟ ವಿಭೂತಿಯ ಪುಡಿ ಒಮ್ಮೊಮ್ಮೆ ಒಳಗಿನ ರಬ್ಬರ್ ವಾಷರಿನ ಮೇಲೆ ಉದುರುತ್ತಿತ್ತು. ಆಗ ರೆಗ್ಯುಲೇಟರ್ ಸರಿಯಾಗಿ ಕೂರದೆ ಸಣ್ಣಗೆ ವಾಸನೆ ಬರುತ್ತಿತ್ತು. ಬಂದರೆ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸುತ್ತಿದ್ದೆ. ಮೂಗಿದ್ದಾಗ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ.

ಮೂಗು ಹೋದ ಮೇಲೆ ನಾನು ಒಂದು ಉಪಾಯ ಹೂಡಿದೆ. ನನ್ನ ಜೊತೆ ಅಡುಗೆಗೆ ನಿಲ್ಲುವ ಹೆಂಗಸು ಬೆಳ್ಳಾವಿಯವಳು. ಹನ್ನೊಂದು ವರ್ಷದಿಂದ ನನ್ನ ಬೈಗುಳ ತಿಂದುಕೊಂಡು ಇದ್ದವಳು. ಪೂಜೆ ನಾನು ಮಾಡಿ, ಸೊಂಟ ನೋವು ಎಂದು ನೆಪ ಹೇಳಿ, ರೆಗ್ಯುಲೇಟರ್ ಸಿಕ್ಕಿಸುವುದನ್ನು ಅವಳಿಗೆ ಬಿಡತೊಡಗಿದೆ. ಅವಳು ಸಿಕ್ಕಿಸಿ ಸುಮ್ಮನಿದ್ದರೆ ಸರಿಯಾಗಿದೆ ಎಂದು ಅರ್ಥ. ಬೆಳಿಗ್ಗೆ ಅಡುಗೆಮನೆಯ ಬೀಗ ತೆಗೆಯುವುದನ್ನೂ ಅವಳಿಗೇ ಬಿಟ್ಟೆ. ಅವಳು ಒಳಗೆ ಹೋಗಿ ದೀಪ ಹಾಕಿ ಏನೂ ಅನ್ನದೆ ಇದ್ದರೆ ನಾನು ಹಿಂದೆ ಹೋಗುತ್ತಿದ್ದೆ. ಸೊಂಟ ನೋವಿಗೆ ಎಣ್ಣೆ ತಂದುಕೊಟ್ಟಳು ಪಾಪ. ಅದನ್ನು ಹಚ್ಚಿಕೊಂಡೆ ಕೂಡ.

ಹೀಗಿರುವಾಗ ಹೋದ ವರ್ಷ ತಮ್ಮ ರಜೆಗೆ ಬಂದ. ಬಂದು ಇಪ್ಪತ್ತು ದಿನವಾಗಿತ್ತು. ಬೆಳ್ಳಾವಿಯವಳು ತಂಗಿಯ ಸೀಮಂತಕ್ಕೆಂದು ಊರಿಗೆ ಹೋಗಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಹೊಸ ಸಿಲಿಂಡರ್ ಬಂತು, ಹಳೆಯದು ಅಷ್ಟು ಹೊತ್ತಿಗೆ ಮುಗಿದಿತ್ತು. ಹೊಸ ವಿಭೂತಿ ಗಟ್ಟಿಯನ್ನು ತೇಯ್ದು ದಪ್ಪಗೆ ಮೂರು ಪಟ್ಟೆ ಎಳೆದೆ, ಬಾಯಿಗೂ ಇಟ್ಟೆ. ಊದುಬತ್ತಿ ಹಚ್ಚಲು ಹೋದರೆ ಪೊಟ್ಟಣ ಖಾಲಿ. ತಂದಿಡದೆ ಹೋದಳಲ್ಲ ಎಂದು ಇಲ್ಲದವಳನ್ನು ಬೈದುಕೊಂಡೆ. ರೆಗ್ಯುಲೇಟರ್ ನಾನೇ ಸಿಕ್ಕಿಸಿದೆ, ಟಕ್ ಎಂದಿತು, ಸರಿಯಾಗಿದೆ ಎಂದುಕೊಂಡೆ. ಗುಂಡಿಯನ್ನೂ ತಿರುಗಿಸಿಟ್ಟೆ. ಬೆಕ್ಕು ಬರುತ್ತದೆಂದು ಕಿಟಕಿ ಬಾಗಿಲು ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಸೊಪ್ಪು ಸೋಸಲು ಕೂತೆ.

ಹತ್ತೂವರೆಗೆ ಮುದ್ದೆಗೆ ಎಸರಿಡಲು ಒಳಗೆ ಹೋದೆ. ದೊಡ್ಡ ಪಾತ್ರೆಯ ಒಲೆ ನಮ್ಮಲ್ಲಿ ನೆಲದ ಮೇಲೇ ಇರುವುದು. ಪಾತ್ರೆ ಇಟ್ಟು, ಲೈಟರ್ ಕೈಗೆ ತೆಗೆದುಕೊಂಡು ಬಗ್ಗಿದೆ. ಅಷ್ಟರಲ್ಲಿ ಹಿತ್ತಲ ಬಾಗಿಲು ತೆಗೆದುಕೊಂಡು ತಮ್ಮ ಬಂದ. ನೀರು ಕುಡಿಯಲು ಬಂದವನು ಹೊಸಿಲಲ್ಲೇ ನಿಂತ. ಕೂಗಲಿಲ್ಲ, ಓಡಿ ಬರಲಿಲ್ಲ. ದೇವಸ್ಥಾನದಲ್ಲಿ ಮಾತನಾಡುವಷ್ಟು ಮೆಲ್ಲಗೆ ಹೇಳಿದ.

"ಅಕ್ಕ, ಲೈಟರ್ ಒತ್ಬೇಡ. ಸ್ವಿಚ್ಚೂ ಮುಟ್ಬೇಡ. ಹಂಗೇ ನನ್ ಕಡೆ ಬಾ."

ಯಾಕೋ ಎಂದೆ. ಬಾ ಎಂದ. ಆ ದನಿಯಲ್ಲಿ ಅವನು ನನ್ನ ಹತ್ತಿರ ಯಾವತ್ತೂ ಮಾತನಾಡಿರಲಿಲ್ಲ. ಹೋದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೈಟರ್ ತೆಗೆದುಕೊಂಡು ಹಿತ್ತಲಿಗೆ ಎಸೆದ. ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಒಳಗೆ ಹೋಗಿ ರೆಗ್ಯುಲೇಟರ್ ತಿರುಗಿಸಿ ಬಿಚ್ಚಿದ, ಸಿಲಿಂಡರಿಗೆ ಮುಚ್ಚಳ ಒತ್ತಿ ಹೊರಗೆ ತಂದಿಟ್ಟ. ಕಿಟಕಿಗಳನ್ನು ತೆಗೆದ. ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ನೆಲದ ಮೇಲೆ ನಿಲ್ಲುತ್ತದೆ ಎಂದು ಹೇಳಿ, ಒಳಗಿನದು ಪೂರ್ತಿ ಹೋಗುವ ತನಕ ನನ್ನನ್ನು ಏಳಲು ಬಿಡಲಿಲ್ಲ. ಒಂದು ಗಂಟೆಗೆ ಊಟಕ್ಕೆ ಜನ ಬರುತ್ತಾರೆ ಎಂದು ನಾನು ಗೊಣಗುತ್ತಿದ್ದೆ.

ಅವನು ಮುಚ್ಚಳ ತೆಗೆದು ಸಿಲಿಂಡರಿನ ಬಾಯಿಯನ್ನು ನೋಡಿದ. ವಾಷರಿನ ಮೇಲೆ ವಿಭೂತಿಯ ಹರಳು ಕೂತಿತ್ತು. ಕಿರುಬೆರಳಿನಿಂದ ತೆಗೆದು ತೋರಿಸಿದ. ಹೊಸಿಲಿನವರೆಗೂ ವಾಸನೆ ಹೊಡೆಯುತ್ತಿತ್ತು, ನಿನಗೆ ಬರಲಿಲ್ಲವಾ ಎಂದು ಕೇಳಿದ. ನೆಗಡಿ ಎಂದೆ. ಅವನು ಒಳಗೆ ಹೋಗಿ ಮುಷ್ಟಿಯಲ್ಲಿ ಏನೋ ತಂದು ಮೂಗಿನ ಕೆಳಗೆ ಹಿಡಿದು ಏನಿದು ಎಂದ. ನಾನು ಯೋಚಿಸಿದೆ. ಅವನ ಕೈ ಬೆಚ್ಚಗಿತ್ತು, ಬೆರಳ ಸಂದಿಯಲ್ಲಿ ಕಂಡದ್ದು ಪುಡಿಯಂತೆ ತೋರಿತು. ಕಾಫಿಪುಡಿ ಕಣೋ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ ಎಂದು ಜೋರು ಮಾಡಿದೆ. ಅವನು ಮುಷ್ಟಿ ಬಿಚ್ಚಿದ. ಇಂಗು.

ಆಮೇಲೆ ನಾನು ಅವನನ್ನು ಬೈದೆ. ಹಡಗಿನಲ್ಲಿ ಕುಳಿತು ಸಂಬಳ ಎಣಿಸುವವನಿಗೆ ಮೆಸ್ಸು ನಡೆಸುವ ಕಷ್ಟ ಏನು ಗೊತ್ತು ಎಂದೆ. ಹೆತ್ತ ತಾಯಿಯ ಹೆಸರು ಕೆಡಿಸಲು ಬಂದಿದ್ದೀಯಾ ಎಂದೆ. ಬೈಯುತ್ತ ಬೈಯುತ್ತ ಅಳು ಬಂತು. ಗಂಡ ಸತ್ತಾಗ ಜನರ ಮುಂದೆ ಅತ್ತದ್ದು ಬಿಟ್ಟರೆ ನಾನು ಇನ್ನೊಬ್ಬರ ಎದುರು ಅತ್ತವಳಲ್ಲ. ಎಲ್ಲವನ್ನೂ ಹೇಳಿದೆ, ಉಗ್ರಾಣದಲ್ಲಿ ನೆಕ್ಕಿದ್ದನ್ನೂ ಹೇಳಿದೆ, ಬೆಳ್ಳಾವಿಯವಳನ್ನು ಮುಂದೆ ಬಿಟ್ಟು ನಾನು ಹಿಂದೆ ಹೋಗುವುದನ್ನೂ ಹೇಳಿದೆ. ಮೊದಲನೆಯದಕ್ಕೆ ಅವನು ಸ್ವಲ್ಪ ನಕ್ಕ. ಎರಡನೆಯದಕ್ಕೆ ನಗಲಿಲ್ಲ.

ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಹೇಳಿದ, "ಹಡಗಲ್ಲಿ ನಮಗ್ಯಾರಿಗೂ ಮೂಗಿಲ್ಲ ಕಣಕ್ಕ. ಇಲ್ಲ ಅಂತ ಎಲ್ರಿಗೂ ಗೊತ್ತು. ಅದಕ್ಕೇ ಬದ್ಕಿದೀವಿ."

ಅಲ್ಲಿ ಯಾರಿಗಾದರೂ ಕಿವಿ ಮಂದವಾದರೆ, ತಲೆ ಸುತ್ತಿದರೆ, ರಾತ್ರಿ ನಿದ್ದೆ ಬಾರದಿದ್ದರೆ ಕೂಡ ಜೊತೆಯವನಿಗೆ ಹೇಳಲೇಬೇಕಂತೆ. ತಪ್ಪು ಮಾಡಿದವನನ್ನು ಬೈದು ಬಿಡುತ್ತಾರೆ, ಮುಚ್ಚಿಟ್ಟವನನ್ನು ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಾರೆ. ಗ್ಯಾಸಿನ ಜಾಗಕ್ಕೆ ಒಬ್ಬನೇ ಹೋಗುವ ಹಾಗಿಲ್ಲ, ಹೋಗುವ ಇಬ್ಬರಿಗೂ ಒಬ್ಬರ ಕುಂದು ಇನ್ನೊಬ್ಬರಿಗೆ ತಿಳಿದಿರಬೇಕು. ಅವಳಿಗೆ ಹೇಳು ಎಂದ. ಹೇಳಿದರೆ ಊರಿಗೆಲ್ಲ ಹೇಳಿದಂತೆಯೇ ಎಂದು ನಾನು ಬೇಡಿಕೊಂಡೆ. ನಾನು ಹೇಳುವುದಿಲ್ಲ, ನೀನೇ ಹೇಳಬೇಕು ಎಂದು ಎದ್ದು ಹೋದ. ಆ ಮಧ್ಯಾಹ್ನ ಗ್ಯಾಸ್ ರಿಪೇರಿ ಎಂದು ಬೋರ್ಡ್ ಹಾಕಿ, ಬಂದವರಿಗೆ ಪಕ್ಕದ ಹೋಟೆಲ್ಲಿನಿಂದ ಚಿತ್ರಾನ್ನ ತರಿಸಿ ಕೊಟ್ಟೆ. ಅದನ್ನು ತಿಂದವರು ಈಗಲೂ ಆ ಚಿತ್ರಾನ್ನದ ವಿಷಯ ಎತ್ತಿ ನನ್ನನ್ನು ರೇಗಿಸುತ್ತಾರೆ.

ಮರುದಿನ ತಮ್ಮ ತುಮಕೂರಿಗೆ ಹೋಗಿ ಗ್ಯಾಸ್ ಸೋರಿದರೆ ಅರಚುವ ಒಂದು ಡಬ್ಬಿ ತಂದು ಒಲೆಯ ಹತ್ತಿರ ಮೊಳಕಾಲ ಎತ್ತರಕ್ಕೆ ಗೋಡೆಗೆ ಹೊಡೆದ. ಮೊದಲ ದಿನವೇ ಅದು ಊದುಬತ್ತಿಯ ಹೊಗೆಗೆ ಅರಚಿಕೊಂಡಿತು. ವಿಭೂತಿ ಹಚ್ಚಬೇಡ ಎಂದು ಅವನು ಹೇಳಲಿಲ್ಲ. ಹೊಟ್ಟೆಗೆ ಎಷ್ಟು ಬೇಕಾದರೂ ಹಚ್ಚು, ಬಾಯಿಗೆ ಬೇಡ ಎಂದಷ್ಟೇ ಹೇಳಿದ. ಊರಿಂದ ಬಂದ ಬೆಳ್ಳಾವಿಯವಳು ಡಬ್ಬಿ ನೋಡಿ ಇದೇನು ಎಂದಳು. ಅವನು ನನ್ನ ಮುಖ ನೋಡಿದ. ನಾನು ಇಲಿ ಓಡಿಸುವುದು ಎಂದೆ. ರಜೆ ಮುಗಿಸಿಕೊಂಡು ಹೊರಡುವ ದಿನ ಬಸ್ ಹತ್ತುವಾಗ ಅವನು, ಇಲಿ ಹೋಯಿತಾ ಅಂತ ಫೋನ್ ಮಾಡಿ ಕೇಳುತ್ತೇನೆ ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಸ್ಥಿತಿ. ಬೆಳ್ಳಾವಿಯವಳು ಏನಾದರೂ ವಾಸನೆ ಎಂದರೆ ಸಾಕು ಗೋಡೆಯ ಡಬ್ಬಿಯ ಕಡೆ ನೋಡುತ್ತಿದ್ದೆ. ಬೆಳಿಗ್ಗೆ ಅವಳು ಬೀಗ ತೆಗೆದು ಕತ್ತಲೆಯೊಳಗೆ ಹೋಗಿ ಸ್ವಿಚ್ಚಿಗೆ ಕೈಹಾಕುವುದನ್ನು ಹಿಂದಿನಿಂದ ನೋಡುತ್ತಿದ್ದೆ. ಎರಡು ವರ್ಷ ನೋಡಿದ್ದೇನೆ, ಆವಾಗ ಏನೂ ಅನ್ನಿಸಿರಲಿಲ್ಲ. ಈಗ ನೋಡಲಾಗಲಿಲ್ಲ. ತಮ್ಮ ಹೋದ ಹನ್ನೆರಡನೆಯ ದಿನ ಪಾತ್ರೆ ತೊಳೆಯುವಾಗ ಹೇಳಿಬಿಟ್ಟೆ. ತಿರುಚಿ ಹೇಳಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟಳು. ಹನ್ನೊಂದು ವರ್ಷದಲ್ಲಿ ನನಗೆ ಒಂದು ಎದುರು ಮಾತನ್ನೂ ಆಡಿದವಳಲ್ಲ.

"ಎಲ್ಡು ವರ್ಸ ನನ್ನ ಮುಂದಕ್ ಬುಟ್ಟು ನೀವು ಹಿಂದೆ ನಿಂತಿದ್ರಾ?" ಎಂದಳು. "ನನ್ ಜೀವ ನಿಮ್ ಸಾರಿನ್ ಉಪ್ಪಿಗಿಂತ ಕಡೆಯಾಯ್ತಾ ಅಕ್ಕ?"

ನಾನು ಊರಿನ ಬಾಯಿಗೆ ಹೆದರಿ ಇಷ್ಟೆಲ್ಲ ಮಾಡಿದ್ದೆ. ಇವಳ ಬಾಯಿಂದ ಈ ಮಾತು ಬರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಎರಡು ದಿನ ಮೆಸ್ಸು ಮುಚ್ಚಿತ್ತು. ಕೇಳಿದವರಿಗೆ ಮೈ ಸರಿಯಿಲ್ಲ ಎಂದೆ. ಮೂರನೆಯ ದಿನ ಬೆಳಿಗ್ಗೆ ಅವಳು ಬಂದು ಬೀಗದ ಕೈ ಕೇಳಿದಳು. ನಾನೇ ತೆಗೆಯುತ್ತೇನೆ, ಇನ್ನು ನಿನ್ನನ್ನು ಮುಂದೆ ಕಳಿಸುವುದಿಲ್ಲ ಎಂದೆ. ತಗ್ದು ಏನ್ಮಾಡ್ತೀರಾ, ಮೂಗಿಲ್ವಲ್ಲ ಎಂದು ಕೈಯಿಂದ ಕಿತ್ತುಕೊಂಡಳು. ಬಾಗಿಲು ತೆಗೆದು, ಸ್ವಿಚ್ ಹಾಕದೆ, ಬಗ್ಗಿ ನೆಲದ ಹತ್ತಿರ ಮೂಸಿದಳು. ಕಿಟಕಿ ತೆಗೆದಳು. ಆಮೇಲೆ ತಿರುಗಿ ಹೇಳಿದಳು, "ಗೊತ್ತಿಲ್ದೆ ಹೋಗೋದು ಬ್ಯಾರೆ, ಗೊತ್ತಿದ್ದು ಹೋಗೋದು ಬ್ಯಾರೆ. ಏನಿಲ್ಲ, ಬನ್ನಿ."

ಅವತ್ತಿನಿಂದ ನಾನು ಉಗ್ರಾಣಕ್ಕೆ ಸೌಟು ತೆಗೆದುಕೊಂಡು ಹೋಗುವುದನ್ನು ಬಿಟ್ಟೆ. ಬಿಟ್ಟ ಮೇಲೆ ಕುಣಿಗಲ್ಲಿಗೆ ಹೋಗಿ ಹೇಳದೆ ಇರುವುದಕ್ಕೆ ನೆಪ ಉಳಿಯಲಿಲ್ಲ. ಆ ಮನೆಯ ಯಜಮಾನಿ ನಡುಮನೆಯಲ್ಲಿ ಹೂವು ಕಟ್ಟುತ್ತಿದ್ದರು. ನಾನು ಹೇಳುವಷ್ಟು ಹೊತ್ತೂ ಕಟ್ಟುತ್ತಲೇ ಇದ್ದರು. ಕೊನೆಯಲ್ಲಿ, ಎರಡು ವರ್ಷ ನಮ್ಮ ದೇವರಿಗೆ ಎಂಜಲು ಇಟ್ಟೆಯಾ ಎಂದು ಕೇಳಿದರು. ಹೌದು ಎಂದೆ. ಕಾಫಿ ಕುಡಿದು ಹೋಗು ಎಂದರು. ಕುಡಿದು ಬಂದೆ. ಆಮೇಲೆ ಅವರು ಕರೆಯಲಿಲ್ಲ, ನಾನು ತಪ್ಪು ತಿಳಿಯಲೂ ಇಲ್ಲ. ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಮಂಗಳೂರಿನ ಕಡೆಯಿಂದ ಗ್ಯಾಸಿನ ಬುಲೆಟ್ ಟ್ಯಾಂಕರುಗಳು ಒಂದರ ಹಿಂದೆ ಒಂದು ಹೋದವು. ಯಾವುದರಲ್ಲೋ ತಮ್ಮ ತಂದ ಗ್ಯಾಸೂ ಇದ್ದೀತು. ವಾಸನೆ ಬೆರೆಸಿದ ಗ್ಯಾಸು, ಎಲ್ಲರ ಮನೆಗೂ ಹೋಗುವುದು. ಅಳು ಬರುತ್ತದೇನೋ ಎಂದುಕೊಂಡೆ, ಬರಲಿಲ್ಲ, ಹಸಿವಾಯಿತು. ಬಸ್ ಸ್ಟಾಂಡಿನಲ್ಲಿ ಇಡ್ಲಿ ತಿಂದೆ. ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು.

ಮೆಸ್ಸು ಹೋಗಲಿಲ್ಲ. ಸುದ್ದಿ ಹೋಯಿತು, ಕೆಲವರು ಊಟ ಬಿಟ್ಟರು, ಕೆಲವರು ಉಪ್ಪಿನ ಬಟ್ಟಲನ್ನು ಟೇಬಲ್ಲಿಗೆ ತರಿಸಿಕೊಳ್ಳತೊಡಗಿದರು. ಮೊದಲಾಗಿದ್ದರೆ ಬಟ್ಟಲು ಕೇಳಿದವನನ್ನು ಬೀದಿಗೆ ಕಳಿಸುತ್ತಿದ್ದೆ. ಈಗ ನಾನೇ ತಂದಿಡುತ್ತೇನೆ. ತಮ್ಮ ಹಡಗಿನಿಂದ ವಿಡಿಯೊ ಕಾಲ್ ಮಾಡಿ ಇಲಿ ಹೋಯಿತಾ ಎಂದು ಕೇಳಿದ. ಬೆಳ್ಳಾವಿಯವಳು ಫೋನ್ ಕಿತ್ತುಕೊಂಡು, ಇಲಿ ಇಲ್ಲೇ ಐತೆ, ಸೊಪ್ಪು ಸೋಸ್ತಾ ಕೂತೈತೆ ಎಂದಳು.

ಹೋದ ಸೋಮವಾರ ಹುರುಳಿ ಬಸ್ಸಾರು ಕುದಿಯುತ್ತಿತ್ತು. ಲಿಂಗದ ಮುಂದೆ ಇನ್ನೂ ಇಟ್ಟಿರಲಿಲ್ಲ. ನನ್ನ ಅಂದಾಜಿಗೆ ಉಪ್ಪು ಹಾಕಿ ಸುಮ್ಮನೆ ನಿಂತಿದ್ದೆ. ಬೆಳ್ಳಾವಿಯವಳು ರಾಗಿಹಿಟ್ಟಿನ ಕೈಯಲ್ಲೇ ಬಂದು, ಆವಿಗೆ ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡಳು. ಇನ್ನೊಂಚೂರು ಬೇಕೇನೋ ಅಕ್ಕ, ಇನ್ನೂ ಎದ್ದಿಲ್ಲ ಎಂದಳು. ಎದ್ದಿಲ್ಲ ಎನ್ನುವುದು ಅಮ್ಮನ ಮಾತು. ನಾನು ಅದನ್ನು ಇವಳಿಗೆ ಯಾವತ್ತೂ ಹೇಳಿಕೊಟ್ಟದ್ದಿಲ್ಲ. ಹನ್ನೊಂದು ವರ್ಷ ನಾನು ಒಲೆಯ ಮುಂದೆ ಗೊಣಗಿದ್ದನ್ನು ಕೇಳಿಸಿಕೊಂಡಿದ್ದಳು.

ನಾನು ಉಪ್ಪಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ತೆಗೆದುಕೊಂಡಳು.